ಎರಡನೇ ದೊರೆ

ದೆವ್ವ, ಗಾಳಿ, ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ನೀರು ಕೇಳುವುದು, ಇವುಗಳಲ್ಲಿ ಯಾವುದನ್ನೂ ನಾನು ನಂಬಿದವನಲ್ಲ. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಊರ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿ ಆಯುಸ್ಸು ಕಳೆದವನು. ಡೇರಿಯಲ್ಲಿ ನಂಬಿಕೆಗೆ ಜಾಗವಿಲ್ಲ. ದೇವರಂಥ ಮನುಷ್ಯ ಹಾಲು ತಂದರೂ ಲ್ಯಾಕ್ಟೋಮೀಟರ್ ಇಳಿಸಿ ನೋಡಿಯೇ ಬರೆದುಕೊಳ್ಳಬೇಕು. ಹಾಗೆ ನೋಡಿ ನೋಡಿ ನನ್ನ ಬುದ್ಧಿಯೂ ಅದೇ ಆಗಿಹೋಗಿತ್ತು. ಯಾರಾದರೂ ಹುಣಸೆ ಮರದ ಹತ್ತಿರ ಏನೋ ಕಂಡೆ ಎಂದರೆ, ‘ಎಷ್ಟು ಕುಡಿದಿದ್ದೆ?’ ಎನ್ನುವುದು ನನ್ನ ಮೊದಲ ಪ್ರಶ್ನೆ.

ಈಗ ಅದೇ ಪ್ರಶ್ನೆಯನ್ನು ನನಗೂ ಯಾರಾದರೂ ಕೇಳಿದರೆ ಬೇಜಾರಿಲ್ಲ. ಯಾರೂ ಕೇಳುವುದಿಲ್ಲ. ನಾನು ನಡೆದದ್ದನ್ನು ಹೇಳಲು ಶುರು ಮಾಡಿದರೆ ಸಾಕು, ನಕ್ಕು, ‘ಇರಲಿ ಬಿಡಿ, ದೊಡ್ಡ ಮನುಷ್ಯರು ನೀವು’ ಎಂದು ಹೊರಟುಬಿಡುತ್ತಾರೆ. ಅದನ್ನು ಕೇಳಿ ಕೇಳಿ ನನಗೆ ತಲೆ ಕೆಟ್ಟುಹೋಗಿದೆ. ನಾನು ದೊಡ್ಡ ಮನುಷ್ಯನಲ್ಲ. ತುಂಬ ಸಣ್ಣ ಕೆಲಸವೊಂದನ್ನು ಮಾಡಿದವನು. ಬಾಯಲ್ಲಿ ಹೇಳಿದರೆ ನಂಬದವರು ಬರೆದರೆ ನಂಬುತ್ತಾರೋ ಏನೋ, ಗೊತ್ತಿಲ್ಲ. ಬರೆದು ನೋಡುತ್ತೇನೆ.

ನಮ್ಮೂರು ಸಾದಲಿಯಿಂದ ಸ್ವಲ್ಪ ಆಚೆಗೆ. ಹಿಪ್ಪುನೇರಳೆ ಸೊಪ್ಪಿನ ತೋಟಗಳು, ರೇಷ್ಮೆ ಹುಳು ಸಾಕುವ ಮನೆಗಳು, ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಸುತ್ತಮುತ್ತಲ ಊರುಗಳಲ್ಲೆಲ್ಲ ಪೌರಾಣಿಕ ನಾಟಕ ಆಡುತ್ತಾರೆ. ನಮ್ಮೂರಿಗೆ ಮಾತ್ರ ಒಂದು ಸ್ವಂತ ನಾಟಕವಿದೆ. ನಾನು ಚಿಕ್ಕವನಾಗಿದ್ದಾಗ ನಮ್ಮ ಶಾಲೆಯಲ್ಲಿದ್ದ ಮೇಷ್ಟರೊಬ್ಬರು ಕಟ್ಟಿದ್ದು. ಒಬ್ಬ ಬೆಟ್ಟದ ಕೋಟೆಯ ಪಾಳೆಯಗಾರ, ಅವನನ್ನು ನಾಟಕದಲ್ಲಿ ದೊರೆ ಎನ್ನುತ್ತಾರೆ. ಮೊದಲ ಅರ್ಧದಲ್ಲಿ ಅವನು ಒಡಹುಟ್ಟಿದ ತಮ್ಮನ ಮೇಲೆ ಹೊಟ್ಟೆಕಿಚ್ಚಿಗೆ ಸುಳ್ಳು ಹೊರಿಸಿ ಅವನನ್ನು ಕೋಟೆಯಿಂದ ಓಡಿಸುತ್ತಾನೆ. ಎರಡನೇ ಅರ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡು, ಬಿಳಿ ಗಡ್ಡ ಬಿಟ್ಟುಕೊಂಡು, ಕಂಬಳಿ ಹೊದ್ದು ತಮ್ಮನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳುತ್ತಾನೆ. ಕತೆ ಇಷ್ಟೆ. ಅಚ್ಚಾದ ಪುಸ್ತಕವಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರು ಕಲಿಯಬೇಕು. ಆದ್ದರಿಂದ ನಮ್ಮೂರು ಬಿಟ್ಟು ಬೇರೆ ಯಾರಿಗೂ ಅದು ಬರುವುದಿಲ್ಲ. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ನಮ್ಮ ಕಡೆ ನಾಟಕದಲ್ಲಿ ಒಂದು ಪದ್ಧತಿಯಿದೆ. ಪಾತ್ರಗಳು ಕಡಿಮೆ, ಬಣ್ಣ ಹಚ್ಚಬೇಕೆನ್ನುವವರು ಜಾಸ್ತಿ. ಹಾಗಾಗಿ ದೊಡ್ಡ ಪಾತ್ರವನ್ನು ಇಬ್ಬರಿಗೆ ಹಂಚುತ್ತಾರೆ. ಅರ್ಧ ನಾಟಕಕ್ಕೆ ಒಬ್ಬ, ಉಳಿದರ್ಧಕ್ಕೆ ಇನ್ನೊಬ್ಬ. ಹ್ಯಾಂಡ್‌ಬಿಲ್ಲಿನಲ್ಲೂ ‘ಒಂದನೇ ದೊರೆ’, ‘ಎರಡನೇ ದೊರೆ’ ಎಂದೇ ಹಾಕಿಸುತ್ತಾರೆ. ಇಂಟರ್ವಲ್ಲಿಗೆ ಮುಂಚೆ ಕುಳ್ಳಗೆ ದಪ್ಪಗಿದ್ದ ದೊರೆ ಇಂಟರ್ವಲ್ ಮುಗಿದ ಮೇಲೆ ಉದ್ದಕ್ಕೆ ಸಣ್ಣಗಾಗಿ ಬಂದರೂ ನಮ್ಮ ಜನ ಏನೂ ಅಂದುಕೊಳ್ಳುವುದಿಲ್ಲ. ದೊರೆ ಬಂದ, ಅಷ್ಟೆ.

ಒಂದನೇ ದೊರೆ ನಾನು. ಎರಡನೇ ದೊರೆ ನನ್ನ ಚಿಕ್ಕಪ್ಪನ ಮಗ ಮುನಿಶಾಮಪ್ಪ. ನನಗಿಂತ ಬಹಳ ಚಿಕ್ಕವನು, ರೇಷ್ಮೆ ಬೆಳೆಗಾರ, ತಮಾಷೆಯ ಮನುಷ್ಯ. ಮನೆಯಲ್ಲಿ ಮುನಿಶಾಮಿ ಎಂದು ಕರೆಯುತ್ತೇವೆ. ನನ್ನ ಪಾಲಿಗೆ ಕಿರೀಟ, ಹುರಿಮೀಸೆ, ಕತ್ತಿ ಎಲ್ಲ ಇತ್ತು. ಆದರೆ ಹಾಡುಗಳೆಲ್ಲ ಅವನ ಪಾಲಿಗೆ. ಜನ ಕಣ್ಣೊರೆಸಿಕೊಂಡು ‘ಒನ್ಸ್ ಮೋರ್’ ಎಂದು ಕೂಗುವುದು ಎರಡನೇ ದೊರೆಗೆ. ಹಾಡು ನಿಲ್ಲಿಸಿ ಸ್ಟೇಜು ಹತ್ತಿ ಹಾರ ಹಾಕುವುದು ಅವನಿಗೆ. ಒಂದನೇ ದೊರೆಗೆ ಯಾರೂ ಒನ್ಸ್ ಮೋರ್ ಎಂದದ್ದನ್ನು ನಾನು ಕೇಳಿಲ್ಲ. ಗದರಿಸಿದವನನ್ನು ಇನ್ನೊಂದು ಸಲ ಗದರಿಸು ಎಂದು ಯಾರು ಕೇಳುತ್ತಾರೆ?

ಕೊರೋನಾ ಗಲಾಟೆ ಮುಗಿದ ಮೇಲೆ ಶಿಡ್ಲಘಟ್ಟದ ಸಮುದಾಯ ಭವನವೊಂದರಲ್ಲಿ ಒಂದು ದಿನದ ಸಾಂಸ್ಕೃತಿಕ ಕಾರ್ಯಕ್ರಮ ಇಟ್ಟುಕೊಂಡರು. ಚಿಂತಾಮಣಿ ಕಡೆಯ ಕೋಲಾಟದ ಹೆಂಗಸರು, ಗೌರಿಬಿದನೂರಿನ ಭಜನೆಯವರು, ಆಮೇಲೆ ನಮ್ಮ ನಾಟಕ, ಕೊನೆಗೆ ಚಿಕ್ಕಬಳ್ಳಾಪುರದ ಆರ್ಕೆಸ್ಟ್ರಾ. ನನ್ನ ಮಂಡಿ ಆಗಲೇ ಕೈಕೊಟ್ಟಿತ್ತು. ಇದೇ ನನ್ನ ಕೊನೆಯ ನಾಟಕ ಎಂದು ಮನಸ್ಸು ಹೇಳುತ್ತಿತ್ತು. ಕೊನೆಯ ಸಲವಾದರೂ ಪೂರ್ತಿ ದೊರೆ ನಾನೇ ಆಗಬೇಕು, ಒಂದೇ ಒಂದು ಸಲ ಆ ಕೂಗು ಕೇಳಬೇಕು ಎಂಬ ಆಸೆ ಹುಟ್ಟಿತು. ಪ್ರಾಕ್ಟೀಸಿನ ದಿನ ಎಲ್ಲರೆದುರು ಮುನಿಶಾಮಿಯನ್ನು ಕೇಳಿಯೇಬಿಟ್ಟೆ.

ಅವನು ನಕ್ಕ. “ಅಣ್ಣ, ನೀನ್ ಅಳೋ ಸೀನ್ ಮಾಡಿದ್ರೆ ಜನ ನಗ್ತಾರೆ. ಹಾಲಿಗೆ ನೀರ್ ಹಾಕಿದೋರ್ನ ಗದ್ರಿಸ್ತಿದ್ಯಲ್ಲ, ಹಂಗೇ ಗದ್ರಿಸು, ಸಾಕು” ಎಂದ.

ಎಲ್ಲರೂ ನಕ್ಕರು. ಹಾರ್ಮೋನಿಯಂ ಮೇಷ್ಟರೂ ನಕ್ಕರು. ಅವನು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನೂ ನಕ್ಕೆ. ಒಳಗೆ ಮಾತ್ರ ಅದು ಮುಳ್ಳಿನಂತೆ ಮುರಿದುಕೊಂಡಿತು.

ಕಾರ್ಯಕ್ರಮದ ದಿನ ಬೆಳಿಗ್ಗೆಯೇ ಹೋಗಿ ಕೂತೆವು. ಈಗಿನ ಕಾರ್ಯಕ್ರಮಗಳ ಬಗ್ಗೆ ಹೇಳಿದರೆ ನನಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ಅತಿಥಿಗಳು ಬರುವವರೆಗೆ ದೀಪ ಹಚ್ಚುವಂತಿಲ್ಲ. ದೀಪ ಹಚ್ಚುವವರೆಗೆ ಕೋಲಾಟ ಶುರುವಾಗುವಂತಿಲ್ಲ. ಬಂದ ಅತಿಥಿಗಳಿಗೆಲ್ಲ ಶಾಲು, ಪೇಟ. ಶಾಲು ಹೊದಿಸಿಕೊಂಡವರೆಲ್ಲ ಕಲೆ ಉಳಿಸಿ ಎಂದು ಭಾಷಣ ಮಾಡಿ, ಕಲೆ ಶುರುವಾಗುವ ಹೊತ್ತಿಗೆ ಎದ್ದು ಹೋಗುತ್ತಾರೆ. ನಮ್ಮ ನಾಟಕ ಶುರುವಾಗುವಾಗ ಮಧ್ಯಾಹ್ನದ ಊಟ ಮುಗಿದಿತ್ತು. ಮೈಕಿನ ಮುಂದೆ ನಿಂತ ನಿರೂಪಕ ಆಗಾಗ ಒಳಗೆ ಬಂದು, “ಯಜಮಾನ್ರೇ, ಸ್ವಲ್ಪ ಶಾರ್ಟ್ ಮಾಡಿ, ಆರ್ಕೆಸ್ಟ್ರಾದೋರು ಕಾಯ್ತವ್ರೆ” ಎನ್ನುತ್ತಿದ್ದ. ದೊರೆ ಕೋಟೆ ಕಳೆದುಕೊಳ್ಳುವುದನ್ನು ಶಾರ್ಟ್ ಮಾಡುವುದು ಹೇಗೆ?

ನಾನು ಹೇಳಬೇಕಾದದ್ದು ಅದಕ್ಕೂ ಮುಂಚಿನದು, ನಾಟಕಕ್ಕೆ ಇನ್ನೂ ಹೊತ್ತಿದ್ದಾಗಿನದು. ಮುನಿಶಾಮಿ ಮುಖಕ್ಕೆ ಮೊದಲ ಬಣ್ಣ ಹಚ್ಚಿಸಿಕೊಂಡು ಬಣ್ಣದ ಕೋಣೆಯಲ್ಲಿ ಬೀಡಿ ಸೇದುತ್ತಿದ್ದ. ಬೆಳಿಗ್ಗೆ ಟೆಂಪೋದಲ್ಲಿ ಬರುವಾಗಲೇ ಹೇಳಿದ್ದ, ಅವನ ಹುಳು ನಾಳೆ ಹಣ್ಣಾಗುತ್ತವೆ, ಇವತ್ತೊಂದು ದಿನ ಪಾರು ಎಂದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೇಷ್ಮೆ ಹುಳು ತಿಂದು ತಿಂದು ಒಂದು ದಿನ ಸೊಪ್ಪು ಬಿಡುತ್ತದೆ. ಮೈ ಗಾಜಿನಂತೆ ಹಳದಿಯಾಗುತ್ತದೆ, ತಲೆಯೆತ್ತಿ ಏನನ್ನೋ ಹುಡುಕುತ್ತದೆ. ಅದಕ್ಕೆ ಹಣ್ಣಾಗುವುದು ಎನ್ನುತ್ತಾರೆ. ಆಗ ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ಚಂದ್ರಿಕೆಯ ಮೇಲೆ ಬಿಡಬೇಕು. ಬಿಡದಿದ್ದರೆ ಕಸದಲ್ಲೇ ನೂಲು ಬಿಟ್ಟು ಬೆಳೆ ಹಾಳು. ಮನೆಯಲ್ಲಿ ಹೆಣ ಇದ್ದರೂ ಹಣ್ಣು ಹುಳು ಕಾಯುವುದಿಲ್ಲ ಎಂದು ನಮ್ಮ ಕಡೆ ಮಾತಿದೆ.

ನಾನು ಅವನ ಹತ್ತಿರ ಹೋಗಿ, “ಮುನಿಶಾಮಿ, ನಿಮ್ ತೋಟದ ಕಡೆಯಿಂದ ಬಂದೋರು ಯಾರೋ ಗೇಟ್ ಹತ್ರ ಸಿಕ್ಕಿದ್ರು. ನಿನ್ ಹುಳು ಹಣ್ಣಾಗ್ಬಿಟ್ಟವಂತೆ ಕಣೋ. ನಿನ್ ಹೆಂಡ್ತಿ ಒಬ್ಳೇ ಒದ್ದಾಡ್ತಾವ್ಳಂತೆ” ಎಂದೆ.

ಇದು ನಾನು ಮಾಡಿದ ಕೆಲಸ. ಗೇಟಿನ ಹತ್ತಿರ ನನಗೆ ಯಾರೂ ಸಿಕ್ಕಿರಲಿಲ್ಲ.

ಅವನ ತೋಟದ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ ಎಂಬುದು ಗೊತ್ತಿದ್ದೇ ಹೇಳಿದ್ದು. ಅವನು ಬೀಡಿ ಬಿಸಾಡಿ ಎದ್ದ. ಬಣ್ಣದವನಿಂದ ಕೊಬ್ಬರಿ ಎಣ್ಣೆ ತೆಗೆದುಕೊಂಡು ಮುಖಕ್ಕೆ ತಿಕ್ಕಿ, ಪಂಚೆಯ ಚುಂಗಿನಲ್ಲಿ ಒರೆಸಿಕೊಂಡ. ಯಾರದೋ ಬೈಕು ಕೇಳಿದ. “ಅಣ್ಣ, ನನ್ ಭಾಗ?” ಎಂದ. “ನಾನ್ ನೋಡ್ಕೊಂತೀನಿ ಹೋಗೋ” ಎಂದೆ. ಬೈಕು ಸ್ಟಾರ್ಟ್ ಮಾಡಿದವನು ತಿರುಗಿ ಕೂಗಿದ, “ಎರಡನೇ ಹಾಡಲ್ಲಿ ಅವಸರ ಮಾಡ್ಬೇಡ ಅಣ್ಣ! ಉಸಿರು ತಗೊಂಡು ಹಾಡು!”

ಆ ಮಾತು ಕೇಳಿದಾಗಲಾದರೂ ಓಡಿಹೋಗಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಮೊದಲ ಅರ್ಧ ಆಡಿದೆ. ಎಂದಿನಂತೆ ಗದರಿಸಿದೆ. ಎಂದಿನಂತೆ ಜನ ಕಡಲೆಕಾಯಿ ತಿಂದರು. ಇಂಟರ್ವಲ್ ಬಿಟ್ಟು ಯಾರಿಗೋ ಸನ್ಮಾನ ಶುರುಮಾಡಿದರು. ನಾನು ಬಣ್ಣದ ಕೋಣೆಗೆ ಓಡಿ ಕಿರೀಟ ಇಳಿಸಿ, ಮೀಸೆ ಕಿತ್ತು, ಎರಡನೇ ದೊರೆಯ ಗಡ್ಡ, ಕಂಬಳಿ ಹುಡುಕಿದೆ. ಬಾಗಿಲ ಪಕ್ಕದ ಮೊಳೆಗೆ ಬೆಳಿಗ್ಗೆಯಿಂದ ನೇತುಹಾಕಿದ್ದನ್ನು ನಾನೇ ನೋಡಿದ್ದೆ. ಮೊಳೆ ಖಾಲಿ. ಸೀನರಿಯವರ ಟ್ರಂಕು ತೆಗೆದು ತಳಮಟ್ಟ ಹುಡುಕಿದೆ. ಬಣ್ಣದವನು ಟೀ ಕುಡಿಯಲು ಹೋಗಿದ್ದ. ಒಂದೇ ಗಡ್ಡ, ಒಂದೇ ಕಂಬಳಿ, ಎರಡೂ ಇಲ್ಲ. ನಾನು ಟ್ರಂಕಿನಲ್ಲಿ ತಲೆ ಹಾಕಿಕೊಂಡಿರುವಾಗಲೇ ಆಚೆ ಹಾರ್ಮೋನಿಯಂ ಶುರುವಾಯಿತು. ಅದರ ಹಿಂದೆಯೇ ಎರಡನೇ ದೊರೆಯ ಮೊದಲ ಹಾಡು.

ಸೈಡ್ ವಿಂಗಿಗೆ ಬಂದು ನೋಡಿದೆ. ಸ್ಟೇಜಿನ ಮೇಲೆ ದೊರೆ ನಿಂತಿದ್ದ. ಬಿಳಿ ಗಡ್ಡ, ತಲೆಯ ಮೇಲಿಂದ ಹೊದ್ದ ಕಂಬಳಿ, ಕೈಯಲ್ಲಿ ಕೋಲು.

ಭೂತದ ಕತೆಗಳಲ್ಲಿ ಅಮಾವಾಸ್ಯೆ ಇರುತ್ತದೆ, ನಾಯಿ ಊಳಿಡುತ್ತದೆ. ಇಲ್ಲಿ ಏನೂ ಇರಲಿಲ್ಲ. ಇನ್ನೂ ಬಿಸಿಲಿತ್ತು. ಪಡುವಣ ಕಿಟಕಿಯಿಂದ ಬಿಸಿಲು ನೇರ ಸ್ಟೇಜಿನ ಮೇಲೆ ಬಿದ್ದು, ಹಾಕಿದ್ದ ಲೈಟುಗಳೆಲ್ಲ ದಂಡ ಎನ್ನುವಂತಿತ್ತು. ಹಾಗಾಗಿ ನನಗೆ ಹೆದರಿಕೆ ಆಗಲಿಲ್ಲ. ಆದದ್ದು ಸಿಟ್ಟು. ಮುನಿಶಾಮಿ ದಾರಿಯಲ್ಲೇ ನನ್ನ ಸುಳ್ಳು ತಿಳಿದು ವಾಪಸು ಬಂದಿದ್ದಾನೆ, ನನಗೆ ಗೊತ್ತಾಗದಂತೆ ವೇಷ ಹಾಕಿಕೊಂಡು ಹೊರಟಿದ್ದಾನೆ ಎಂದುಕೊಂಡೆ. ಒಂದೇ ಸ್ಟೇಜಿನ ಮೇಲೆ ಇಬ್ಬರು ದೊರೆಗಳು ನಿಲ್ಲುವಂತಿಲ್ಲ. ಅರ್ಧ ಬಣ್ಣದಲ್ಲಿ ಹಲ್ಲು ಕಚ್ಚಿಕೊಂಡು ನಿಂತೆ.

ಹಾಡು ಮುಗಿಯಿತು. ಭವನವೆಲ್ಲ ಒಂದೇ ಸಲ ‘ಒನ್ಸ್ ಮೋರ್’ ಎಂದಿತು. ನನ್ನ ಪಾಲಿಗೆ ಬರಬೇಕೆಂದು ನಾನು ಸುಳ್ಳು ಹೇಳಿ ಸಂಪಾದಿಸಿದ ಕೂಗು. ದೊರೆ ಮತ್ತೆ ಹಾಡಿದ. ಯಾರೋ ಹಾರ ಹಿಡಿದು ಸ್ಟೇಜು ಹತ್ತಿದರು. ನಾಟಕ ನಿಂತಿತು. ನಿರೂಪಕ ಮೈಕು ಹಿಡಿದು ಬಂದು, “ದೊರೆ ಪಾತ್ರಧಾರಿಗಳು ತಮ್ಮ ಹೆಸರು ಹೇಳ್ಬೇಕು” ಎಂದ. ಹಾರ ಹಾಕಿದಾಗ ಹೆಸರು ಹೇಳಿಸುವುದು ನಮ್ಮಲ್ಲಿ ವಾಡಿಕೆ.

“ಮುನಿಶಾಮಪ್ಪ” ಎಂದ ದೊರೆ. ಅಷ್ಟೇ. ಊರು ಹೇಳಲಿಲ್ಲ, ನಮಸ್ಕಾರ ಹೇಳಲಿಲ್ಲ. ನನಗಂತೂ ಅನುಮಾನವೇ ಉಳಿಯಲಿಲ್ಲ.

ಕೊನೆಗೆ ಕ್ಷಮೆ ಕೇಳುವ ದೃಶ್ಯ. ತಮ್ಮನ ಪಾತ್ರ ಬಸ್ ಕಂಡಕ್ಟರ್ ರಾಜಣ್ಣನದು. ದೊರೆ ಅವನ ಮುಂದೆ ಮಂಡಿಯೂರಿ, ‘ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ನಾನು ಸುಳ್ಳು ಹೇಳಿದೆ’ ಎನ್ನಬೇಕು. ಆ ಮಾತು ಹೇಳುವಾಗ ದೊರೆ ರಾಜಣ್ಣನ ಕಡೆ ನೋಡಲಿಲ್ಲ. ವಿಂಗಿನಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದ. ಹೇಳಿ, ಮುಂದಿನ ಮಾತಿಗೆ ಹೋಗದೆ ಸುಮ್ಮನೆ ನೋಡುತ್ತಾ ಉಳಿದ. ಉತ್ತರಕ್ಕೆ ಕಾಯುವವರಂತೆ. ಹಾರ್ಮೋನಿಯಂ ಮೇಷ್ಟರು ಏನು ಮಾಡುವುದೆಂದು ತೋಚದೆ ಒಂದೇ ಸ್ವರವನ್ನು ಎಳೆಯುತ್ತಾ ಕೂತರು. ಕೆನ್ನೆಯ ಮೇಲೆ ಅರ್ಧ ಗೋಂದು, ಕೈಯಲ್ಲಿ ಕಿತ್ತ ಮೀಸೆ ಹಿಡಿದುಕೊಂಡು ನಾನು, ಇವನು ನನ್ನನ್ನು ಅಣಕಿಸುತ್ತಿದ್ದಾನೆ ಎಂದೇ ತಿಳಿದೆ. ಮುಖ ತಿರುಗಿಸಿಕೊಂಡೆ. ಆಮೇಲೆ ಅವನು ಮುಂದಿನ ಹಾಡಿಗೆ ಹೋದ. ಆ ಹಾಡಿನಲ್ಲಿ ಎಲ್ಲೂ ಅವಸರವಿರಲಿಲ್ಲ.

ದೃಶ್ಯ ಮುಗಿದು ಅವನು ಆಚೆ ಬದಿಯಿಂದ ಒಳಗೆ ಹೋದ. ನಾನು ಪರದೆಯ ಹಿಂದಿನಿಂದ ಓಡಿದೆ. ಆ ಸಂದಿಯಲ್ಲಿ ಆರ್ಕೆಸ್ಟ್ರಾದವರು ಡ್ರಮ್ಮು, ಸ್ಪೀಕರು ತುಂಬಿಕೊಂಡು ಕೂತಿದ್ದರು. ಅವರನ್ನು ದಾಟದೆ ಯಾರೂ ಹೋಗುವಂತಿಲ್ಲ. “ದೊರೆ ಎಲ್ಲಿ?” ಎಂದೆ. “ಯಾವ್ ದೊರೆ ಅಂಕಲ್? ಈ ಕಡೆ ಯಾರೂ ಬರ್ಲಿಲ್ವಲ್ಲ. ನಿಮ್ದು ಮುಗೀತಾ? ನಾವ್ ಸೆಟ್ ಮಾಡ್ಬೋದಾ?” ಎಂದರು.

ಬಣ್ಣದ ಕೋಣೆಗೆ ಬಂದೆ. ಗಡ್ಡ, ಕಂಬಳಿ ಬಾಗಿಲ ಪಕ್ಕದ ಮೊಳೆಯಲ್ಲಿದ್ದವು. ಗಡ್ಡ ಕೈಗೆ ತೆಗೆದುಕೊಂಡೆ. ಗಡ್ಡವನ್ನು ಗೋಂದು ಹಾಕಿ ಅಂಟಿಸುತ್ತಾರೆ. ತೆಗೆದಾಗ ಒಳಗಿನ ಬಟ್ಟೆ ಬೆವರು, ಗೋಂದು, ಬಣ್ಣ ಸೇರಿ ರಾಡಿಯಾಗಿರುತ್ತದೆ. ಇದರ ಬಟ್ಟೆ ಒಗೆದು ಮಡಿಸಿಟ್ಟಂತಿತ್ತು. ಟೀ ಮುಗಿಸಿ ಬಂದ ಬಣ್ಣದವನು, “ಏನ್ ಸಾರ್ ನೀವು, ನಾನ್ ಬರೋಗಂಟ ಕಾಯ್ಬಾರ್ದಾ, ನೀವೇ ಹಾಕ್ಕೊಂಡ್ಬಿಟ್ರಾ?” ಎಂದು ನನ್ನ ಮೇಲೆಯೇ ರೇಗಿದ.

ಟೆಂಪೋದಲ್ಲಿ ಊರಿಗೆ ಬರುವಾಗ ದಾರಿಯುದ್ದಕ್ಕೂ ಮುನಿಶಾಮಿಯ ಗುಣಗಾನ. ಇಂಥ ಹಾಡು ಅವನ ಬಾಯಲ್ಲಿ ಎಂದೂ ಕೇಳಿರಲಿಲ್ಲ ಎಂದು ಎಲ್ಲರೂ ಹೇಳಿದರು. ಹೇಳದೆ ಕೇಳದೆ ಬೈಕಿನಲ್ಲಿ ಹೋಗಿಬಿಟ್ಟಿದ್ದಾನೆ ಎಂದುಕೊಂಡರು. ನಾನು ಊರಿಗಿಳಿದವನೇ, ಬಣ್ಣವನ್ನೂ ತೊಳೆಯದೆ, ಅವನ ತೋಟದ ಮನೆಗೆ ಹೋದೆ. ಬೈಯಲು ಹೋದದ್ದು.

ಹುಳುಮನೆಯಲ್ಲಿ ಲೈಟು ಹಾಕಿಕೊಂಡು ಮುನಿಶಾಮಿ, ಅವನ ಹೆಂಡತಿ, ಪಕ್ಕದ ತೋಟದ ಇಬ್ಬರು ಹೆಂಗಸರು ಬಗ್ಗಿ ಬಗ್ಗಿ ಹುಳು ಆರಿಸುತ್ತಿದ್ದರು. ತಟ್ಟೆಗಳ ತುಂಬ ಹಣ್ಣು ಹುಳು, ಹಳದಿ ಹಳದಿಯಾಗಿ ತಲೆಯೆತ್ತಿಕೊಂಡು ನಿಂತಿದ್ದವು. ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳು ಆಗಲೇ ತುಂಬಿದ್ದವು. ಮುನಿಶಾಮಿಯ ಕಿವಿಯ ಹಿಂದೆ ಗುಲಾಬಿ ಬಣ್ಣ ಎಣ್ಣೆಯೊಂದಿಗೆ ಇನ್ನೂ ಹಾಗೇ ಇತ್ತು.

“ಬಾ ಅಣ್ಣ! ನಿನ್ಗೆ ಹೇಳಿಕಳ್ಸಿದ ಪುಣ್ಯಾತ್ಮ ಯಾರೋ, ಅವ್ನ ಹೊಟ್ಟೆ ತಣ್ಣಗಿರ್ಲಿ. ಇನ್ನೊಂದು ಗಳಿಗೆ ತಡ ಆಗಿದ್ರೆ ಎಲ್ಲಾ ಕಸಕ್ಕೇ” ಎಂದ.

ಅವನ ಹೆಂಡತಿ ತಲೆಯೆತ್ತದೆ ಹೇಳಿದಳು, “ಬಿಸಿಲು ಜೋರಿತ್ತಲ್ಲ ಭಾವ, ಮಧ್ಯಾಹ್ನ ಇದ್ದಕ್ಕಿದ್ದಂಗೆ ಸೊಪ್ಪು ಬಿಟ್ವು. ಯಾರ್ನ ಕಳ್ಸೋದು ಅಂತ ಕೈಕೈ ಹಿಸುಕ್ಕೊಂತಿದ್ದೆ, ಅಷ್ಟ್ರಲ್ಲಿ ಇವ್ರೇ ಬಂದ್ರು. ಬಂದಾಗಿಂದ ಬೆನ್ನು ನೆಟ್ಟಗೆ ಮಾಡಿಲ್ಲ.”

ಪಕ್ಕದ ತೋಟದ ಹೆಂಗಸರೂ ಅದನ್ನೇ ಹೇಳಿದರು. ನಾನು ಅಲ್ಲೇ ಸೊಪ್ಪಿನ ಚೀಲದ ಮೇಲೆ ಕೂತುಬಿಟ್ಟೆ.

ನನ್ನ ಸುಳ್ಳು ನಿಜವಾದದ್ದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಬಹುದು. ಸೆಖೆ ಹೆಚ್ಚಾದರೆ ಹುಳು ಒಂದು ದಿನ ಮುಂಚೆ ಹಣ್ಣಾಗುವುದುಂಟು. ಹುಳು ಸಾಕುವ ಯಾರನ್ನು ಕೇಳಿದರೂ ಹೇಳುತ್ತಾರೆ. ಅದನ್ನು ನಾನು ವಿಚಿತ್ರ ಎನ್ನುವುದಿಲ್ಲ. ಆದರೆ ಈ ಮನುಷ್ಯ ಇಲ್ಲಿ ಹುಳು ಆರಿಸುತ್ತಿದ್ದರೆ, ಅಲ್ಲಿ ಹಾಡಿದವನು ಯಾರು?

ನನ್ನ ಗೋಳು ಶುರುವಾದದ್ದು ಮರುದಿನದಿಂದ. ಊರವರು ಮುನಿಶಾಮಿಯನ್ನು ಹೊಗಳಿದರು. ಅವನು ಪ್ರಾಮಾಣಿಕ, ನಾನು ಅಲ್ಲಿರಲೇ ಇಲ್ಲ, ಆಡಿದ್ದು ಅಣ್ಣ ಎಂದ. ಆಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನಲ್ಲ ಎಂದೆ. ನಕ್ಕರು. ತಮ್ಮನ ಹೆಸರಿನಲ್ಲಿ ಹಾಡಿ, ಹಾರವನ್ನೂ ಅವನ ಹೆಸರಿಗೇ ಹಾಕಿಸಿಕೊಂಡು, ಈಗ ನಾನಲ್ಲ ಎನ್ನುತ್ತಾನಲ್ಲ, ಎಂಥ ಮನಸ್ಸು ಎಂದರು. ಆ ಹಾರ ಎಲ್ಲಿಗೆ ಹೋಯಿತೆಂದು ನಾನು ಕೇಳಿದೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರು. ನೋಡಿದೆ. ಎಲ್ಲ ಸರಿಯಾಗಿಯೇ ಇದೆ. ದೊರೆ ಇದ್ದಾನೆ, ಹಾಡುತ್ತಾನೆ, ಎದುರು ಬಿಸಿಲಿಗೆ ಮುಖ ಬೆಳ್ಳಗೆ ಹೊಡೆಯುತ್ತದೆ, ಸ್ಪೀಕರ್ ಒಡೆದು ದನಿ ಯಾರದೆಂದು ಗೊತ್ತಾಗುವುದಿಲ್ಲ. ಮುಂದೆ ಕೂತವರೊಬ್ಬರ ಬೋಳುತಲೆ ಮಾತ್ರ ಸ್ಪಷ್ಟವಾಗಿದೆ. ಮುನಿಶಾಮಿಗೆ ತೋರಿಸಿದರೆ “ನೀನೇ ಅಲ್ವಾ” ಎನ್ನುತ್ತಾನೆ. ಬೇರೆಯವರಿಗೆ ತೋರಿಸಿದರೆ “ಮುನಿಶಾಮಣ್ಣನ ಥರಾನೂ ಅವ್ರೆ” ಎನ್ನುತ್ತಾರೆ.

ರಾಜಣ್ಣನನ್ನು ಬಸ್ಸಿನಲ್ಲೇ ಹಿಡಿದು ಕೇಳಿದೆ. ಕಾಲು ಹಿಡಿಸಿಕೊಂಡವನು ಅವನು, ಮುಖ ನೋಡಿರಲೇಬೇಕು. “ನಾನ್ ಯಾವತ್ತೂ ಎದುರಿಗಿರೋರ ಮುಖ ನೋಡಲ್ಲಣ್ಣ, ಮಾತು ಮರ್ತೋಗ್ತದೆ. ಮೇಷ್ಟ್ರ ಬಾಯಿ ನೋಡ್ತೀನಿ” ಎಂದು, ಸೀಟಿ ಊದಿ ಮುಂದೆ ಹೋದ. ಇಂಥವರನ್ನು ಕಟ್ಟಿಕೊಂಡು ನಾಟಕ ಆಡಿದ್ದು ನಾವು.

ತೀರಿಹೋದ ನಮ್ಮ ಚಿಕ್ಕಪ್ಪನೇ ಬಂದು ಮಗನ ಪಾತ್ರ ಉಳಿಸಿದರು ಎಂದು ಒಬ್ಬಳು ಮುದುಕಿ ಹಬ್ಬಿಸಿದಳು. ಚಿಕ್ಕಪ್ಪನಿಗೆ ಬದುಕಿದ್ದಾಗಲೇ ಒಂದು ಸಾಲು ಹಾಡಲು ಬರುತ್ತಿರಲಿಲ್ಲ. ಸತ್ತ ಮೇಲೆ ಯಾವ ಮೇಷ್ಟರು ಕಲಿಸಿದರು? ಗೌರಿಬಿದನೂರಿನ ಭಜನೆಯವರಲ್ಲಿ ಒಬ್ಬ ಒಳ್ಳೆಯ ಹಾಡುಗಾರನಿದ್ದಾನೆಂದು ತಿಳಿದು ಬಸ್ಸು ಹತ್ತಿ ಅಲ್ಲಿಗೂ ಹೋದೆ. ಅವನು ನನಗಿಂತ ಗಿಡ್ಡ, ನಮ್ಮ ನಾಟಕದ ಹೆಸರೂ ಕೇಳಿದವನಲ್ಲ. ಕಾಫಿ ಕೊಟ್ಟು ಕಳಿಸಿದ. ಎರಡನೇ ದೊರೆಯ ಹಾಡು, ಮಾತು ಬಾಯಿಪಾಠ ಇದ್ದದ್ದು ಲೋಕದಲ್ಲಿ ಮೂವರಿಗೆ. ಮುನಿಶಾಮಿ, ನಾನು, ಹಾರ್ಮೋನಿಯಂ ಮೇಷ್ಟರು. ಒಬ್ಬ ಹುಳುಮನೆಯಲ್ಲಿದ್ದ, ಒಬ್ಬ ವಿಂಗಿನಲ್ಲಿದ್ದ, ಒಬ್ಬರು ಹಾರ್ಮೋನಿಯಂ ಹಿಂದೆ ಕೂತಿದ್ದರು.

ಮೇಷ್ಟರ ಮನೆಗೂ ಹೋಗಿದ್ದೆ. ಅವರು ಎಲೆ ಅಡಿಕೆ ಉಗಿದು ಬಂದು, “ಹಾಡೋರ್ಗೆಲ್ಲ ಅವರವರ ಶ್ರುತಿ ಇರ್ತದೆ. ನಿಂದು ಹಾರ್ಮೋನಿಯಂನಲ್ಲಿ ಕಪ್ಪು ಒಂದು. ಅವಂದು ಬಿಳಿ ನಾಲ್ಕು. ಆವತ್ತು ನಾನ್ ಹಿಡ್ಕೊಂಡಿದ್ದು ಎರಡೂ ಅಲ್ಲ” ಎಂದರು. ಮತ್ತೆ ಯಾರದು ಎಂದೆ. “ನನ್ನಡಗೊದ್ದುರಾ” ಎಂದು ತೆಲುಗಿನಲ್ಲಿ ಗದರಿದರು. ತನ್ನನ್ನೇನೂ ಕೇಳಬೇಡ ಎಂದರ್ಥ. “ಶ್ರುತಿ ಸೇರ್ತು, ನುಡಿಸ್ದೆ. ಯಾರಪ್ಪಾ ನೀನು ಅಂತ ಸ್ಟೇಜ್ ಮೇಲೆ ಕೇಳಕ್ಕಾಗ್ತದಾ?” ಈಗ ಅವರೂ ಇಲ್ಲ.

ಎರಡೇ ಎರಡು ಮಾತನ್ನು ಹೇಳಿಬಿಡಬೇಕೆಂದು ನಾನು ಪಟ್ಟ ಪಾಡು ನನಗೇ ಗೊತ್ತು. ಸುಳ್ಳು ಹೇಳಿ ತಮ್ಮನನ್ನು ಓಡಿಸಿದ್ದು ನಾನು. ಹಾಡಿದ್ದು ನಾನಲ್ಲ. ಮೊದಲು ಹೆಂಡತಿಗೆ ಹೇಳಿದೆ. “ಆಡೋ ನಾಟ್ಕ ಆಡಾಯ್ತು, ಈಗ ಮನೇಲಿ ಬೇರೆ ಯಾಕೆ?” ಎಂದು ಒಲೆಯ ಕಡೆ ತಿರುಗಿದಳು. ಮರುವರ್ಷ ಊರಿನ ಸಂಘದವರು ನನಗೆ ಸನ್ಮಾನ ಇಟ್ಟುಕೊಂಡರು. ಬೇಡ ಎಂದಷ್ಟೂ ಬಲವಂತ ಮಾಡಿದರು. ಶಾಲು ಹೊದಿಸಿದ ಮೇಲೆ ಮೈಕಿನ ಮುಂದೆ ನಿಂತು, ‘ನಾನು ನನ್ನ ತಮ್ಮನಿಗೆ ಮೋಸ ಮಾಡಿದೆ, ಆ ಪಾತ್ರ ನಾನು ಮಾಡಿಲ್ಲ’ ಎಂದು ಬಿಡಿಸಿ ಹೇಳಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಿಂದ ಯಾರೋ ಕೂಗಿದರು, “ಒನ್ಸ್ ಮೋರ್!”

ಜನ್ಮವಿಡೀ ಕೇಳಬೇಕೆಂದಿದ್ದ ಕೂಗು ಕೊನೆಗೂ ನನಗೆ ಸಿಕ್ಕಿತು. ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿ ಮನೆಗೆ ಬಂದೆ.

ಇಷ್ಟಾದ ಮೇಲೆ ಉಳಿದವನು ಮುನಿಶಾಮಿ ಒಬ್ಬನೇ. ಅವನಿಗೆ ಒಬ್ಬನಿಗೆ, ಎದುರು ಕೂತು, ತಮಾಷೆಗೆ ಎಡೆಯಿಲ್ಲದಂತೆ ಹೇಳಬೇಕೆಂದು ಈಚೆಗೆ ಅವನ ತೋಟಕ್ಕೆ ಹೋದೆ. ಅವನು ಸೊಪ್ಪು ಕೊಯ್ಯುತ್ತಿದ್ದ. ನಾನು ಬದುವಿನ ಮೇಲೆ ಕೂತು ಹೇಳಿದೆ. ಗೇಟಿನ ಹತ್ತಿರ ನನಗೆ ಯಾರೂ ಸಿಕ್ಕಿರಲಿಲ್ಲ ಕಣೋ, ನಿನ್ನ ಪಾತ್ರದ ಆಸೆಗೆ ನಾನೇ ಕಟ್ಟಿ ಹೇಳಿದ್ದು ಎಂದೆ.

ಅವನ ಕೈಯಲ್ಲಿದ್ದ ಕುಡುಗೋಲು ನಿಂತಿತು. “ಅದು ನಂಗೆ ಆವತ್ತೇ ಗೊತ್ತಾಯ್ತು” ಎಂದ.

“ಏನು?”

“ನೀನ್ ಹೋದ್ಮೇಲೆ ಯಾರು ಹೇಳಿಕಳ್ಸಿದ್ದು ಅಂತ ನನ್ ಹೆಂಡ್ತಿನ ಕೇಳ್ದೆ. ಯಾರ್ನೂ ಕಳ್ಸಿಲ್ಲ ಅಂದ್ಲು. ತೋಟದ ಕಡೆಯಿಂದ ಆವತ್ತು ಶಿಡ್ಲಘಟ್ಟಕ್ಕೆ ಯಾರೂ ಹೋಗಿರ್ಲಿಲ್ಲ. ಆವಾಗ್ಲೇ ಅಂದ್ಕೊಂಡೆ, ಅಣ್ಣ ಕೈಕೊಟ್ಟ ಅಂತ. ಒಂದು ರಾತ್ರಿ ನಿದ್ದೆ ಬರ್ಲಿಲ್ಲ ಕಣಣ್ಣ. ಇನ್ಮೇಲೆ ನಿನ್ ಮುಖ ನೋಡ್ಬಾರ್ದು ಅಂತಿದ್ದೆ. ಬೆಳಿಗ್ಗೆ ಜನ ಬಂದು ಹೇಳಿದ್ರು, ಹಾರ ಹಾಕಿದಾಗ ನೀನ್ ನನ್ ಹೆಸರು ಹೇಳ್ದೆ ಅಂತ. ಆಮೇಲೆ ಅಳೋ ಸೀನಲ್ಲಿ ತಪ್ಪಾಯ್ತು ಅಂತ ಸುಮ್ನೆ ನಿಂತ್ಬಿಟ್ಟೆ ಅಂತ. ಸರಿ, ಅಲ್ಲೇ ಕೇಳ್ಕೊಂಡ್ನಲ್ಲ, ಇನ್ನೇನು ಅಂತ ಬಿಟ್ಟೆ.”

“ಅದು ನಾನಲ್ಲ ಮುನಿಶಾಮಿ. ನಿನ್ನಾಣೆ ನಾನಲ್ಲ.”

ಅವನು ನನ್ನನ್ನು ನೋಡಿದ. ಈ ಸಲ ನಗಲಿಲ್ಲ.

“ಸುಳ್ಳು ಹೇಳ್ದೆ ಅಂದಿದ್ದು ನಂಬ್ತೀನಿ ಅಣ್ಣ. ಇದ್ ಮಾತ್ರ ನಂಬಲ್ಲ. ಇದ್ನೂ ನಂಬ್ಬಿಟ್ರೆ ನಾನ್ ನಿನ್ ಜೊತೆ ಮಾತಾಡೋದ್ ಹೆಂಗೆ?” ಎಂದು ಬಗ್ಗಿ ಸೊಪ್ಪು ಕೊಯ್ಯತೊಡಗಿದ. ಒಂದು ಸಾಲು ಮುಗಿಸಿ, “ಊಟ ಮಾಡ್ಕೊಂಡು ಹೋಗು, ಹುರುಳಿ ಬಸ್ಸಾರು ಮಾಡವ್ಳೆ” ಎಂದ.

ಊಟ ಮಾಡಿಕೊಂಡೇ ಬಂದೆ. ಅವನ ಎದುರು ಮತ್ತೆ ಬಾಯಿ ತೆರೆಯಲಿಲ್ಲ. ಇಲ್ಲಿ ಮಾತ್ರ ಬರೆಯುತ್ತಿದ್ದೇನೆ. ಇದು ಪೇಪರಿನಲ್ಲಿ ಬಂದರೂ ಅವನು ಓದುವವನಲ್ಲ. ಆವತ್ತು ಬಿಸಿಲಿನಲ್ಲಿ ನಿಂತು ನಾನು ಹೇಳಬೇಕಿದ್ದ ಮಾತನ್ನು ನನ್ನ ಮುಖ ನೋಡಿಕೊಂಡೇ ಹೇಳಿದವನು ಯಾರೋ ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ತಮ್ಮ ಕೊಟ್ಟ ಕ್ಷಮೆ ಅವನಿಗೆ ಸೇರಬೇಕಾದದ್ದು. ಅವನು ಬಂದು ತೆಗೆದುಕೊಂಡು ಹೋಗಲಿಲ್ಲ. ನಾನು ಅದನ್ನು ಇಟ್ಟುಕೊಂಡು, ತಮ್ಮನ ಮನೆಯ ಊಟ ಮಾಡುತ್ತಾ ಓಡಾಡಿಕೊಂಡಿದ್ದೇನೆ.